ಮೈಸೂರಿನಲ್ಲಿ ‘ಹೆರಿಟೇಜ್ ವಾಕ್’ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ತಲೆಗೆ 600ರಂತೆ ಐದು ಜನಕ್ಕೆ 3,000 ರೂಪಾಯಿ ಕೊಟ್ಟು ಒಂದು ಊದುಬತ್ತಿ ಅಂಗಡಿ ನೋಡಿಕೊಂಡು ಬಂದಿದ್ದೇವೆ. ದಸರೆ ರಜೆಗೆ ಮನೆಯ ಹಿರಿಯರನ್ನು ಕರೆದುಕೊಂಡು ಮೈಸೂರಿಗೆ ಹೊರಡುವವರು ಇರುತ್ತೀರಲ್ಲ, ನಿಮಗೋಸ್ಕರ ಬರೆಯುತ್ತಿದ್ದೇನೆ.

ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಅರಮನೆ, ಬೆಟ್ಟ, ಮೃಗಾಲಯ ಎಲ್ಲಾ ಮೂರು ಮೂರು ಸಲ ಆಗಿದೆ, ಈ ಸಲ ಹಳೇ ಬೀದಿಗಳಲ್ಲಿ ನಡೆದಾಡೋಣ ಅಂದರು. ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಎರಡೂವರೆ ಗಂಟೆ, ಆರು ಜಾಗ: ದೊಡ್ಡ ಗಡಿಯಾರ, ಪುರಭವನ, ಚಿಕ್ಕ ಗಡಿಯಾರ, ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ, ಕೊನೆಗೆ ಜಗನ್ಮೋಹನ ಅರಮನೆ. ವಿಡಿಯೊದಲ್ಲಿ ಮಾತಾಡುತ್ತಿದ್ದವರು ಐವತ್ತರ ಆಸುಪಾಸಿನವರು, ಕೇಳುತ್ತಲೇ ಇರಬೇಕು ಅನ್ನಿಸುವ ಕನ್ನಡ. ಪೂರ್ತಿ ಹಣ ಮೊದಲೇ ಹಾಕಬೇಕು ಅಂದರು, ಹಾಕಿದೆ. ಬೈಸಿಕೊಳ್ಳಬೇಕಾದ ಕೆಲಸ, ಅಮ್ಮ ಆಗಲೇ ಬೈದಾಗಿದೆ.

ಬೆಳಿಗ್ಗೆ ಎಂಟಕ್ಕೆ ದೊಡ್ಡ ಗಡಿಯಾರದ ಹತ್ತಿರ ಬಂದವನು ಬೇರೆ ಹುಡುಗ. ‘ಸಾರ್ ಊರಲ್ಲಿಲ್ಲ, ನನ್ನ ಕಳಿಸಿದ್ರು’ ಅಂದ. ಇರಲಿ ಅಂದುಕೊಂಡೆವು. ‘ಇದು ಬ್ರಿಟಿಷ್ರು ವಿಕ್ಟೋರಿಯಾ ರಾಣಿ ನೆನಪಿಗೆ ಕಟ್ಸಿದ್ದು’ ಅಂತ ಶುರು ಮಾಡಿದ. ಅಪ್ಪ ತಲೆಯೆತ್ತಿ ಗಡಿಯಾರವನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ, ‘ತಮ್ಮಾ, ರಾಣಿಗೆ ಕನ್ನಡ ಅಂಕಿ ಬರ್ತಿದ್ವೇನು?’ ಅಂದರು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ನಾಲ್ವಡಿ ಕೃಷ್ಣರಾಜ ಒಡೆಯರು ಆಳ್ವಿಕೆಗೆ ಬಂದು 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಅರಮನೆಯ ನೌಕರರು ತಾವೇ ಕಟ್ಟಿಸಿದ ಗೋಪುರ ಅದು. ಹುಡುಗನ ಉತ್ತರ: ‘ಅಂಕಿ ಆಮೇಲೆ ಬರ್ದಿದ್ದು ಸಾರ್.’

ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಭೂಕಂಪದಲ್ಲಿ ಬಿದ್ದುಹೋಯಿತು ಅಂದ. ಅದರ ಒಂದು ಭಾಗ ಕುಸಿದದ್ದು 2012ರ ಆಗಸ್ಟ್‌ನಲ್ಲಿ, ನಾಲ್ಕು ಜನ ಸತ್ತರು. ಭೂಕಂಪವೂ ಇಲ್ಲ ಏನೂ ಇಲ್ಲ, ಹಳೇ ಕಟ್ಟಡವನ್ನು ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೇ. ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ ಬಿದ್ದದ್ದು 2016ರಲ್ಲಿ. ಕೆಡವಬೇಕೋ ಉಳಿಸಬೇಕೋ ಅಂತ ಕೋರ್ಟಿನವರೆಗೆ ಹೋದ ಜಗಳ. ಮೈಸೂರಿನಲ್ಲಿ ಹಳೇ ಬೀದಿ ತೋರಿಸುವವರು ಇದನ್ನು ಹೇಳದೆ ಇನ್ನೇನು ಹೇಳುತ್ತಾರೆ? ಮಾರುಕಟ್ಟೆಯೊಳಗೆ ನಾವಿದ್ದದ್ದು ಒಟ್ಟು ಎಂಟು ನಿಮಿಷ. ಕುಂಕುಮದ ರಾಶಿ ಮುಂದೆ ಒಂದು ಫೋಟೊ, ಹೂವಿನ ಸಾಲಿನಲ್ಲಿ ಒಂದು ಫೋಟೊ. ಅಮ್ಮ ವೀಳ್ಯದೆಲೆ ತಗೋತೀನಿ ಅಂದರೆ ‘ಆಮೇಲೆ ಅಮ್ಮಾ, ಲೇಟಾಗ್ತದೆ.’

ಯಾಕೆ ಲೇಟಾಗ್ತದೆ ಅಂತ ಆಮೇಲೆ ಗೊತ್ತಾಯಿತು. ‘ಜಗನ್ಮೋಹನ ಇವತ್ತು ಬಂದ್. ಅದರ ಬದ್ಲು ಸ್ಪೆಷಲ್ ಜಾಗ ತೋರಿಸ್ತೀನಿ, ಕುಶಲಕರ್ಮಿಗಳ ಮನೆ, ಎಲ್ಲರಿಗೂ ತೋರಿಸಲ್ಲ’ ಅಂತ ಗಲ್ಲಿ ಗಲ್ಲಿ ತಿರುಗಿಸಿ ಒಂದು ಅಂಗಡಿಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಒಬ್ಬ ಹೆಂಗಸು ಮಣೆ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಬಿದಿರು ಕಡ್ಡಿ, ಕಪ್ಪು ಮುದ್ದೆ, ಅಂಗೈ ಒಂದು ಸಲ ಮುಂದೆ ಹೋದರೆ ಒಂದು ಬತ್ತಿ. ಎಂಥ ಕೈ! ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನಾವು ಒಳಗೆ ಕಾಲಿಟ್ಟಿದ್ದೇ ತಡ, ಆಕೆ ಹೊಸೆದ ಬತ್ತಿಗಳ ಹಸಿ ಹಿಟ್ಟನ್ನೆಲ್ಲ ಕಡ್ಡಿಯಿಂದ ಎಳೆದು ತಿರುಗಿ ಮುದ್ದೆಗೆ ಸೇರಿಸಿಬಿಟ್ಟರು. ಮುಂದಿನ ಗುಂಪಿಗೆ ಬೇಕಲ್ಲ. ಚಿಕ್ಕವನು ಅದನ್ನು ನೋಡಿ ‘ಯಾಕಮ್ಮ ಅಳಿಸ್ತಿದಾರೆ?’ ಅಂತ ಕೇಳಿದ. ನನಗೆ ಆಗಲೇ ಹೊಳೆಯಬೇಕಿತ್ತು.

ಒಳಗೆ ನಲವತ್ತು ನಿಮಿಷ. ಕುರ್ಚಿ ಹಾಕಿ, ಟೀ ಕೊಟ್ಟು, ಗಾಜಿನ ಕಡ್ಡಿ ಅದ್ದಿ ಅದ್ದಿ ಅಮ್ಮನ ಮುಂಗೈಗೆ ಹಚ್ಚಿದರು. ಇದು ಮಲ್ಲಿಗೆ, ಇದು ತಾವರೆ, ಇದು ಅಪ್ಪಟ ಗಂಧದೆಣ್ಣೆ, ಮಂಡಿ ನೋವಿಗೆ ದಿನಕ್ಕೆರಡು ಹನಿ ಸಾಕು ತಾಯಿ. ಅಮ್ಮನಿಗೆ ಮಂಡಿ ನೋವಿರುವುದು ಅವರಿಗೆ ಹೇಗೆ ಗೊತ್ತು? ದಾರಿಯಲ್ಲಿ ಹುಡುಗ ‘ಮೆಟ್ಟಿಲು ಹತ್ತಕ್ಕೆ ಆಗುತ್ತಾ ಅಮ್ಮಾ’ ಅಂತ ವಿಚಾರಿಸಿದ್ದ. 10 ಎಂಎಲ್ ಬಾಟಲಿಗೆ 2,800 ಅಂತ ಶುರುವಾಗಿ 1,200ಕ್ಕೆ ಇಳಿಯಿತು. ಗಂಧದೆಣ್ಣೆ ಕಿಲೋಗೆ ಲಕ್ಷಗಟ್ಟಲೆ ಬಾಳುವ ಸರಕು. ಅಷ್ಟು ಸಲೀಸಾಗಿ ಅರ್ಧಕ್ಕಿಂತ ಕೆಳಗೆ ಇಳಿಯುವುದು ಗಂಧವಲ್ಲ, ಬೇರೇನೋ. ಮೂರನೇ ದಿನಕ್ಕೆ ಬಾಟಲಿಯಲ್ಲಿ ಉಳಿದದ್ದು ಪೇಂಟ್ ಅಂಗಡಿಯ ವಾಸನೆ. ಗಂಧ ಬೇಕಿದ್ದರೆ ಸರ್ಕಾರದ ಕಾವೇರಿ ಮಳಿಗೆ ಇದೆ. ಪಕ್ಕದ ಕಪಾಟಿನ ‘ಮೈಸೂರು ಸಿಲ್ಕ್’ ಸೀರೆಯನ್ನಾದರೂ ಅಮ್ಮ ಮುಟ್ಟಲಿಲ್ಲ, ಸದ್ಯ. ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಅಸಲಿ ಸೀರೆಯ ಮೇಲೆ ಸಂಖ್ಯೆ ನೇಯ್ದಿರುತ್ತಾರೆ ಅನ್ನುವುದು ಅಮ್ಮನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಹೊರಗೆ ಬಂದರೆ ಹುಡುಗ ನಾಪತ್ತೆ. ನಡಿಗೆ ಅಲ್ಲಿಗೇ ಮುಗಿದಿತ್ತು.

ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಾಯಿಪಾಠ ಮಾಡಿಸಿ ಕಳಿಸಿದವರು ಬೇರೆ, ಕಮಿಷನ್ ಎಣಿಸುವವರೂ ಬೇರೆ ಇರುತ್ತಾರೆ. ಮೈಸೂರಿನಲ್ಲಿ ಓದಿಕೊಂಡು, ದಾಖಲೆ ನೋಡಿಕೊಂಡು ಹಳೇ ಬೀದಿ ತೋರಿಸುವವರು ಇದ್ದಾರೆ. ಇಂಥ ಅಂಗಡಿ ನಡಿಗೆಗಳಿಂದ ಹೊಡೆತ ಬೀಳುವುದು ಅವರಿಗೇ. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ಬರುವವರು ಯಾರು, ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ, ನಡಿಗೆ ಮುಗಿಯುವುದು ಎಲ್ಲಿ, ನಡುವೆ ಯಾವುದಾದರೂ ಅಂಗಡಿಗೆ ಹೋಗುತ್ತೀರಾ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಫೋನ್ ಇಟ್ಟುಬಿಡಿ. ಪೂರ್ತಿ ಹಣ ಮುಂಚೆ ಹಾಕಲೇಬೇಡಿ. ‘ಇವತ್ತು ಬಂದ್’ ಅಂತ ಯಾರೇ ಅಂದರೂ, ಗೈಡ್ ಆಗಲಿ ಆಟೊದವರಾಗಲಿ, ಬಾಗಿಲವರೆಗೆ ನೀವೇ ಹೋಗಿ ನೋಡಿ.

ಮರುದಿನ ನಾವು ಹೋದೆವು. ಜಗನ್ಮೋಹನದ ಟಿಕೆಟ್ ಕೌಂಟರಿನವರು ‘ನಿನ್ನೆಯೂ ತೆಗೆದಿತ್ತಲ್ಲ ಸಾರ್’ ಅಂದರು. ಮೆಟ್ಟಿಲ ಮೇಲೆ ಕೂತು ಅಪ್ಪ ಮೊಮ್ಮಕ್ಕಳಿಗೆ ತಾವೇ ಪಾಠ ಮಾಡಿದರು: 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಮರದ ಅರಮನೆಗೆ ಬೆಂಕಿ ಬಿದ್ದದ್ದು, ರಾಜಮನೆತನ ಇಲ್ಲಿಗೆ ಬಂದಿದ್ದದ್ದು, ಈಗಿನ ಅರಮನೆ 1912ರಲ್ಲಿ ಮುಗಿದದ್ದು. ಅಮ್ಮನಿಗೆ ವೀಳ್ಯದೆಲೆಯೂ ಸಿಕ್ಕಿತು.

ಹಣ ಕೇಳಿದ್ದಕ್ಕೆ ‘ರೀಫಂಡ್ ಇಲ್ಲ ಮೇಡಂ, ಕಂಡೀಷನ್ ಓದಿಲ್ವಾ’ ಅಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ, ಕನ್ನಡದಲ್ಲೇ ಮಾತಾಡಬಹುದು. ದೂರಿನ ಸಂಖ್ಯೆ ಬಂದಿದೆ, ದುಡ್ಡು ಬಂದಿಲ್ಲ. ಇವತ್ತು ಬೆಳಿಗ್ಗೆ ಅದೇ ಜಾಹೀರಾತು ತಿರುಗಿ ಮೊಬೈಲಿಗೆ ಬಂತು, ಅದೇ ಮನುಷ್ಯ, ಅದೇ ಚೆಂದದ ಕನ್ನಡ. ಹಬ್ಬದ ರಿಯಾಯಿತಿಯಂತೆ, ತಲೆಗೆ 499.