ಲ್ಯಾಕ್ಟುಲೋಸ್ ಸಿರಪ್: ಕೆಲಸ ಚೆನ್ನ, ಅಳತೆ ತಪ್ಪಿದರೆ ಫಜೀತಿ

ಲಿವರ್ ಕೆಟ್ಟು ಮಂಪರು, ಕೈನಡುಕ, ಮಾತಿನ ಗೊಂದಲ ಶುರುವಾದವರಿಗೆ ಮೊದಲು ಬರೆದುಕೊಡುವುದೇ ಈ ಸಿರಪ್. 15 ಮಿಲಿಯಲ್ಲಿ 10 ಗ್ರಾಂ ಲ್ಯಾಕ್ಟುಲೋಸ್. ಅದು ದೊಡ್ಡ ಕರುಳಿನಲ್ಲಿ ಆಮ್ಲವಾಗಿ ಒಡೆದು, ಮಂಪರು ತರುವ ಅಮೋನಿಯಾ ಎಂಬ ವಿಷ ರಕ್ತ ಸೇರದಂತೆ ತಡೆದು ಮಲದಲ್ಲಿ ಹೊರಹಾಕುತ್ತದೆ. ಕೆಲಸದಲ್ಲಿ ತಕರಾರಿಲ್ಲ. ರುಚಿ ಮಾತ್ರ ಅಂಟಂಟು ಸಿಹಿ, ಜೊತೆಗೆ ಹೊಟ್ಟೆಯುಬ್ಬರ. ನೀರಿಗೆ ಬೆರೆಸಿದರೆ ಹೇಗೋ ಗಂಟಲಲ್ಲಿ ಇಳಿಯುತ್ತದೆ.

ಎಡವಟ್ಟಾಗುವುದು ಅಳತೆಯಲ್ಲಿ. ಗುರಿ ದಿನಕ್ಕೆ 2–3 ಸಲ ಮೆತ್ತನೆಯ ಮಲ, ಅಷ್ಟೇ. ಐದಾರು ಸಲ ನೀರುನೀರಾಗಿ ಹೋದರೆ ರಕ್ತದಲ್ಲಿನ ಪೊಟ್ಯಾಸಿಯಂ ಲವಣ ಕುಸಿಯುತ್ತದೆ. ಆಗ ಮೂತ್ರಪಿಂಡವೇ ಹೆಚ್ಚು ಅಮೋನಿಯಾ ತಯಾರಿಸುತ್ತದೆ. ಮಂಪರಿಗೆಂದು ಕೊಟ್ಟ ಔಷಧವೇ ಮಂಪರು ತಂದ ಹಾಗೆ! ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಮಾತ್ರೆ ಕೂಡ ನಡೆಯುತ್ತಿದ್ದರೆ ಕುಸಿತ ಇನ್ನೂ ಬೇಗ. ನೀರು ಹೆಚ್ಚು ಹೋಗಿ ಸೋಡಿಯಂ ಏರಲೂಬಹುದು. ಅದು ಮೊದಲೇ ತೀರಾ ಕಡಿಮೆಯಿದ್ದವರಲ್ಲಿ 24 ಗಂಟೆಯಲ್ಲಿ ಲೀಟರಿಗೆ 8 ಮಿಲಿಮೋಲ್‌ಗಿಂತ ಹೆಚ್ಚು ಏರಿದರೆ ಮಿದುಳಿನ ನರಗಳ ಹೊದಿಕೆಗೇ ಪೆಟ್ಟು ಬೀಳಬಹುದು.

ಭೇದಿಯಾಯಿತೆಂದು ತಾವೇ ಎಳನೀರು ಕುಡಿಸಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು; ಮೂತ್ರ ಹೆಚ್ಚಿಸಿದರೂ ಪೊಟ್ಯಾಸಿಯಂ ಉಳಿಸಿಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ವಿಪರೀತ ಏರಬಹುದು. ವೈದ್ಯರಿಗೆ ತಿಳಿಸಿ ಡೋಸ್ ತಗ್ಗಿಸಿ, ಅದೇ ದಿನ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಶ) ಪರೀಕ್ಷೆ ಮಾಡಿಸಿ.