550 ವ್ಯಾಟ್ ಬ್ರಾಂಜ್ ಸಾಕೇ, 750 ವ್ಯಾಟ್ ಗೋಲ್ಡ್ ಬೇಕೇ?

ಹೊಸ ಪಿಸಿಗೆ ಪ್ರೊಸೆಸರ್ ಕೊಳ್ಳುವಾಗ ದುಡ್ಡು ಸುರಿಯುವವರು ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಪೂರೈಸುವ ಡಬ್ಬಿ) ಸರದಿ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್‌ಗೆ 550 ವ್ಯಾಟ್ ಧಾರಾಳ ಸಾಕು, ಅದರ ಕಂಪನಿ ಎನ್‌ವಿಡಿಯಾ ಹೇಳುವುದೂ ಅಷ್ಟೇ. 4080 ಹಾಕುವುದಾದರೆ 750ಕ್ಕಿಂತ ಕೆಳಗಿಳಿಯಬೇಡಿ.

ಬ್ರಾಂಜ್, ಗೋಲ್ಡ್ ಅನ್ನುವುವು ಎಸ್‌ಎಂಪಿಎಸ್‌ನ ದಕ್ಷತೆಗೆ ಕೊಡುವ 80 ಪ್ಲಸ್ ಪ್ರಮಾಣಪತ್ರದ ದರ್ಜೆಗಳು. ಗೋಲ್ಡ್ ಕೊಂಡರೆ ಕರೆಂಟ್ ಬಿಲ್ ಇಳಿಯುತ್ತದೆ ಅನ್ನುವ ಮಾತಿದೆಯಲ್ಲ, ಲೆಕ್ಕ ಹಾಕಿ ನೋಡಿ. 80 ಪ್ಲಸ್‌ನ 115 ವೋಲ್ಟ್ ಪರೀಕ್ಷೆಯಲ್ಲಿ, ಅರ್ಧ ಲೋಡ್‌ಗೆ ಬ್ರಾಂಜ್‌ನ ದಕ್ಷತೆ ಕನಿಷ್ಠ 85%, ಗೋಲ್ಡ್‌ನದು 90%. ಒಳಗಿನ ಬಿಡಿಭಾಗಗಳು 300 ವ್ಯಾಟ್ ಎಳೆದರೆ ಉಳಿತಾಯ ಸುಮಾರು 20 ವ್ಯಾಟ್. ದಿನಕ್ಕೆ 4 ತಾಸು ಗೇಮ್ ಆಡಿದರೂ ವರ್ಷಕ್ಕೆ 29 ಯೂನಿಟ್, ಅಷ್ಟೇ! ಹೆಚ್ಚಿನ ದುಡ್ಡು ಕೊಡುವುದಾದರೆ ಕಡಿಮೆ ಬಿಸಿಗೆ, ಉದ್ದದ ವಾರಂಟಿಗೆ ಕೊಡಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹೆಸರಿಲ್ಲದ ಡಬ್ಬಿಯನ್ನಂತೂ ನಾನು ಮುಟ್ಟುವುದಿಲ್ಲ.