ಡ್ರಮ್ ಮಷಿನ್ ಇಟ್ಟುಕೊಂಡು ಒಬ್ಬರೇ ಮೆಟಲ್ ನುಡಿಸುವವರೇ, ವೇದಿಕೆ ಹತ್ತುವ ಮುನ್ನ ಇದನ್ನು ಓದಿ

ಮೊದಲ ಹಾಡು ಶುರುವಾಗುತ್ತದೆ. ಗಿಟಾರ್ ಗುಡುಗುತ್ತಿದೆ, ಆದರೆ ಡ್ರಮ್ಸ್ ಹೆಸರಲ್ಲಿ ಕೇಳುವುದು ಸಿಂಬಲ್‌ಗಳ ಚುಸ್ ಚುಸ್ ಮಾತ್ರ. ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಇಲ್ಲ, ಸ್ನೇರ್ (ಚಟ್ ಅನ್ನುವ ಚಿಕ್ಕ ಡ್ರಮ್) ಇಲ್ಲ. ಸೌಂಡ್‌ನವರು ಫೇಡರ್ ಏರಿಸಿದಷ್ಟೂ ಸಿಂಬಲ್ಲೇ ಜೋರಾಗುತ್ತದೆ. ಮಷಿನ್ ಕೈಕೊಟ್ಟಿತು ಎಂದುಕೊಂಡು ಪ್ಯಾಟರ್ನ್ ಬದಲಿಸುತ್ತಾ ಕೂತರೆ ಇಡೀ ಸೆಟ್ ಹಾಗೇ ಮುಗಿಯುತ್ತದೆ.

ಮಷಿನ್ ಸರಿಯಾಗೇ ಇದೆ, ತಪ್ಪಿರುವುದು ಕೇಬಲ್. ಹೆಡ್‌ಫೋನ್ ಜ್ಯಾಕ್‌ನಿಂದ ಒಂದೇ ಟಿಆರ್‌ಎಸ್ ಕೇಬಲ್ (ಎಡ, ಬಲ ಎರಡನ್ನೂ ಒಂದೇ ಪ್ಲಗ್‌ನಲ್ಲಿ ಒಯ್ಯುವಂಥದ್ದು) ಎಳೆದು ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ, ಆ ಇನ್‌ಪುಟ್ ಎಡಗಡೆಯ ಸಿಗ್ನಲ್‌ನಿಂದ ಬಲಗಡೆಯದನ್ನು ಕಳೆದು ಉಳಿದದ್ದನ್ನಷ್ಟೇ ಮುಂದೆ ಕಳಿಸುತ್ತದೆ. ಕಿಕ್, ಸ್ನೇರ್ ಎರಡೂ ಕಡೆ ಸಮನಾಗಿರುತ್ತವೆ, ಹಾಗಾಗಿ ಕಳೆದರೆ ಸೊನ್ನೆ. ಎಡಕ್ಕೋ ಬಲಕ್ಕೋ ಸರಿಸಿದ (ಪ್ಯಾನ್ ಮಾಡಿದ) ಸಿಂಬಲ್, ಟಾಮ್, ರಿವರ್ಬ್ ಮಾತ್ರ ಉಳಿದುಕೊಳ್ಳುತ್ತವೆ. ಅದೇ ಜ್ಯಾಕ್‌ಗೆ ಹೆಡ್‌ಫೋನ್ ಹಾಕಿ ಕೇಳಿದರೆ ಎಲ್ಲವೂ ಇರುತ್ತದೆ, ಅದಕ್ಕೇ ತಪ್ಪು ಕೈಗೆ ಸಿಗುವುದಿಲ್ಲ. ಮೇನ್ ಔಟ್‌ನ ಎಡ, ಬಲ ಎರಡರಿಂದಲೂ ಒಂದೊಂದು ಮಾಮೂಲಿ ಮೊನೊ ಕೇಬಲ್ ತೆಗೆದು ಸ್ಟೀರಿಯೊ ಡಿಐ ಬಾಕ್ಸ್‌ಗೆ (ಸಿಗ್ನಲನ್ನು ಮಿಕ್ಸರಿಗೆ ಒಗ್ಗುವಂತೆ ಬದಲಿಸುವ ಪುಟ್ಟ ಪೆಟ್ಟಿಗೆ) ಕೊಡಿ, ಅಲ್ಲಿಂದ ಎಕ್ಸ್‌ಎಲ್‌ಆರ್‌ನಲ್ಲಿ, ಅಂದರೆ ಮೂರು ಪಿನ್ನಿನ ಮೈಕ್ ಕೇಬಲ್‌ನಲ್ಲಿ, ಮಿಕ್ಸರ್‌ಗೆ. ಡಿಐ ಬಾಕ್ಸ್ ನಿಮ್ಮದೇ ಇರಲಿ. ಅಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಗಿಟಾರ್ ಆ್ಯಂಪಿಗೇ ಡ್ರಮ್ ಮಷಿನ್ ಸೇರಿಸುವ ಯೋಚನೆಯಂತೂ ಬೇಡವೇ ಬೇಡ. ಗಿಟಾರ್ ಸ್ಪೀಕರ್ ಸುಮಾರು 80 ಹರ್ಟ್ಸ್ ಕೆಳಗೆ, 5 ಕಿಲೋಹರ್ಟ್ಸ್ ಮೇಲೆ ಸೊರಗಿಬಿಡುತ್ತದೆ. ಕಿಕ್‌ನ ತೂಕವೂ ಸಿಂಬಲ್‌ನ ಹೊಳಪೂ ಇರುವುದು ಆ ಎರಡು ತುದಿಗಳಲ್ಲೇ.

ಇನ್ನು ಡಬಲ್ ಬಾಸ್, ಅಂದರೆ ಎರಡು ಕಾಲಲ್ಲಿ ಬಾರಿಸಿದಂತೆ ಓಡುವ ಕಿಕ್. 200 ಬಿಪಿಎಂನಲ್ಲಿ (ನಿಮಿಷಕ್ಕೆ 200 ಬೀಟ್) ಹದಿನಾರನೇ ನೋಟ್‌ಗಳು ಓಡಿದರೆ ಒಂದೊಂದು ಏಟಿಗೂ ಸಿಗುವುದು 75 ಮಿಲಿಸೆಕೆಂಡ್. ಕಿಕ್ ಸ್ಯಾಂಪಲ್‌ನ ಬಾಲವೇ 300 ಮಿಲಿಸೆಕೆಂಡ್ ಇದ್ದರೆ ನಾಲ್ಕು ಏಟು ಒಂದರ ಮೇಲೊಂದು ಬಿದ್ದು ಸಬ್‌ವೂಫರ್‌ನಲ್ಲಿ ಬರೀ ಗುಂಯ್ ಅನ್ನುವ ಸದ್ದು. ಹಿಂದಿನ ಏಟನ್ನು ಮಷಿನ್ ಕತ್ತರಿಸಿದರೂ ಹಾಲ್ ಕತ್ತರಿಸುವುದಿಲ್ಲ. ಡ್ರಮ್ ಮಷಿನ್ ಬಳಸುವ ಗಾಡ್‌ಫ್ಲೆಶ್ ಬ್ಯಾಂಡ್ ಥರದ ನಿಧಾನ ಲಯಕ್ಕೆ ಉದ್ದ ಬಾಲದ ಕಿಕ್ ಒಪ್ಪುತ್ತದೆ, ವೇಗದ ಹಾಡಿಗಲ್ಲ. ಡಿಕೇ (ಬಾಲದ ಉದ್ದ) 60-70 ಮಿಲಿಸೆಕೆಂಡ್‌ಗೆ ಇಳಿಸಿ, 40 ಹರ್ಟ್ಸ್ ಕೆಳಗಿನದನ್ನು ತೆಗೆದುಹಾಕಿ, 3ರಿಂದ 5 ಕಿಲೋಹರ್ಟ್ಸ್ ನಡುವೆ ಕೊಂಚ ಏರಿಸಿ; ವೇಗದಲ್ಲಿ ಕಿವಿ ಏಟನ್ನು ಗುರುತಿಸುವುದು ಆ ಚಟಪಟದಿಂದಲೇ. ಎಲ್ಲ ಏಟಿಗೂ ವೆಲಾಸಿಟಿ (ಏಟಿನ ಬಲ) ಗರಿಷ್ಠ 127 ಇಟ್ಟರೆ ಟೈಪ್‌ರೈಟರ್ ಕುಟ್ಟಿದ ಹಾಗಿರುತ್ತದೆ. 127, 108, 118, 105 ಹೀಗೆ ಏರಿಳಿಸಿ. ಕಿಕ್, ಸ್ನೇರ್, ಸಿಂಬಲ್ ಎಲ್ಲ ಅತಿವೇಗದಲ್ಲಿ ಬೀಳುವ ಬ್ಲಾಸ್ಟ್ ಬೀಟ್‌ನ ಸ್ನೇರ್‌ಗೂ ಇದೇ ಮದ್ದು.

ಮಾನಿಟರ್ (ನುಡಿಸುವವರ ಕಡೆಗೆ ತಿರುಗಿಸಿದ ಸ್ಪೀಕರ್) ಇಲ್ಲದೆ ನುಡಿಸಲು ಒಪ್ಪಿಕೊಳ್ಳಬೇಡಿ. ಮುಂದಿನ ಸ್ಪೀಕರ್‌ಗಳ ಸದ್ದು 20 ಮೀಟರ್ ಆಚೆಯ ಗೋಡೆಗೆ ಬಡಿದು ನಿಮ್ಮ ಕಿವಿಗೆ ಮರಳಲು ಸುಮಾರು 117 ಮಿಲಿಸೆಕೆಂಡ್ ಬೇಕು. ಅಂದರೆ ಮೇಲಿನ ಲೆಕ್ಕದಲ್ಲಿ ಒಂದೂವರೆ ಏಟು ಹಿಂದೆ. ಆ ಪ್ರತಿಧ್ವನಿಯನ್ನೇ ನಂಬಿ ರಿಫ್ ನುಡಿಸಿದರೆ ಎರಡು ಸಾಲಿಗೇ ಹಳಿ ತಪ್ಪುತ್ತದೆ. ಡ್ರಮ್ಮರ್ ಆಗಿದ್ದರೆ ನಿಮ್ಮನ್ನು ನೋಡಿ ಸರಿಮಾಡಿಕೊಳ್ಳುತ್ತಿದ್ದ, ಮಷಿನ್‌ಗೆ ಆ ದಾಕ್ಷಿಣ್ಯವಿಲ್ಲ. ಕಿವಿಯೊಳಗೇ ಕೂರುವ ಇನ್-ಇಯರ್ ಮಾನಿಟರ್ ಇದ್ದರೆ ಉತ್ತಮ.

ಮಷಿನನ್ನು ಕಾಲಿನಿಂದ ಶುರು ಮಾಡಿ ನಿಲ್ಲಿಸಲು, ಒತ್ತಿ ಬಿಟ್ಟರೆ ಹಿಂದಿನ ಸ್ಥಿತಿಗೆ ಬರುವ ಮೊಮೆಂಟರಿ ಫುಟ್‌ಸ್ವಿಚ್ ತನ್ನಿ. ಒತ್ತಿದ ಸ್ಥಿತಿಯಲ್ಲೇ ನಿಲ್ಲುವ ಲ್ಯಾಚಿಂಗ್ ಹಾಕಿದರೆ ಎರಡು ಸಲ ಒತ್ತಿದಾಗ ಒಂದು ಸಲ ಮಾತ್ರ ಕೆಲಸ ಮಾಡುತ್ತದೆ, ಅದೂ ಬೇಡದ ಹೊತ್ತಿಗೆ.

ಅಡಾಪ್ಟರ್‌ಗಳಿಗೆ ಟೇಪ್ ಅಂಟಿಸಿ ಹೆಸರು ಬರೆಯಿರಿ. ಅಲೆಸಿಸ್ ಎಸ್‌ಆರ್-16 ಥರದ ಮಷಿನ್‌ಗೆ ಬೇಕಿರುವುದು 9 ವೋಲ್ಟ್ ಎಸಿ. ಗಿಟಾರ್ ಪೆಡಲ್‌ಗಳು ಸಾಮಾನ್ಯವಾಗಿ 9 ವೋಲ್ಟ್ ಡಿಸಿ. ಕತ್ತಲಲ್ಲಿ ಅದಲುಬದಲಾದರೆ ಪೆಡಲ್ ಸುಟ್ಟುಹೋಗಬಹುದು.

ಬದಲಿಗೆ ಇರಲಿ ಅಂತ ಎಲ್ಲ ಡ್ರಮ್ ಟ್ರ್ಯಾಕ್‌ಗಳನ್ನೂ ಡಬ್ಲ್ಯೂಎವಿ ಕಡತಗಳಾಗಿ ಇನ್ನೊಂದು ಪ್ಲೇಯರ್‌ನಲ್ಲಿಟ್ಟುಕೊಳ್ಳಿ. ಫೋನ್ ಆದರೆ ಏರ್‌ಪ್ಲೇನ್ ಮೋಡ್‌ನಲ್ಲಿ. ಎಡಕ್ಕೆ ಡ್ರಮ್ಸ್, ಬಲಕ್ಕೆ ಕ್ಲಿಕ್ (ನಿಮ್ಮ ಕಿವಿಗೆ ಮಾತ್ರ ತಾಳ ಹೇಳುವ ಟಿಕ್ ಟಿಕ್) ಹಾಕುವ ರೂಢಿಯಿದೆ. ಅದನ್ನು ಸೌಂಡ್‌ನವರಿಗೆ ಬಾಯಲ್ಲಿ ಹೇಳಿದ್ದು ಸಾಲದು, ಕೇಬಲ್ ತುದಿಗೂ ಬರೆದು ಅಂಟಿಸಿ. ಇಲ್ಲದಿದ್ದರೆ ಎರಡೂ ಚಾನೆಲ್ ಹಾಲ್‌ಗೆ ಹೋಗಿ, ಜನ ಹಾಡುಪೂರ್ತಿ ಟಿಕ್ ಟಿಕ್ ಕೇಳಬೇಕಾಗುತ್ತದೆ.

ಆ್ಯಂಪ್ ಒಂದು ಪ್ಲಗ್‌ನಲ್ಲಿ, ಮಷಿನ್ ಇನ್ನೊಂದರಲ್ಲಿ ಇದ್ದರೆ ಹಮ್ ಬರುವುದುಂಟು. ಆಗ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ (ಆಡಿಯೊ ಕೇಬಲಿನ ಗ್ರೌಂಡ್ ಬಿಡಿಸುವ ಸ್ವಿಚ್) ಒತ್ತಿ. ಯಾರೇ ಸಲಹೆ ಕೊಟ್ಟರೂ ಆ್ಯಂಪಿನ ಅರ್ತ್ ಪಿನ್ ಮಾತ್ರ ತೆಗೆಯಬೇಡಿ. ಒಳಗೆಲ್ಲೋ ಲೀಕೇಜ್ ಇದ್ದರೆ, ಕೈಯಲ್ಲಿ ಗಿಟಾರ್ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದ ಕ್ಷಣ ಕರೆಂಟ್ ಹರಿಯುವುದು ನಿಮ್ಮ ಮೈಮೂಲಕ.